ಒಂದು ಪದ, ಐದು ಬೈಬಲ್: ಗಡಿನಾಡ ಕನ್ನಡ ಸಭೆಗಳಲ್ಲಿ ‘ಸ್ವಸ್ಥಬೋಧನೆ’ಯ ಅಧ್ಯಯನ

ನನಗೆ ಕೊಟ್ಟ ವಿಷಯ ‘ಸ್ವಸ್ಥಬೋಧನೆ ಮತ್ತು ಬೈಬಲ್ ಅಧ್ಯಯನ’. ವಿಷಯ ದೊಡ್ಡದು. ಹಾಗಾಗಿ ಇವತ್ತು ಒಂದೇ ಪದವನ್ನು ಹಿಡಿದು ಮಾತಾಡ್ತೀನಿ. ಆ ಪದ ಗಡಿಯ ಆಚೆ ಈಚೆ ಹೇಗೆ ಕೇಳಿಸುತ್ತದೆ, ಅದರಿಂದ ನಮ್ಮ ವಾಕ್ಯ ಅಧ್ಯಯನಕ್ಕೆ ಏನಾಗುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ನಮ್ಮ ಇವಾಂಜೆಲಿಕಲ್ ವಲಯದಲ್ಲಿ ‘ಸೌಂಡ್ ಡಾಕ್ಟ್ರಿನ್’ ಅನ್ನುವ ಮಾತು ಬಹಳ ಓಡಾಡುತ್ತದೆ. ಕನ್ನಡದಲ್ಲಿ ಪ್ರಸಂಗ ಮಾಡುವವರೂ ಆ ಎರಡು ಪದಗಳನ್ನು ಇಂಗ್ಲಿಷಿನಲ್ಲೇ ಬಿಟ್ಟುಬಿಡುತ್ತಾರೆ. “ಆ ಸಭೆ ಡಾಕ್ಟ್ರಿನ್‌ನಲ್ಲಿ ಸೌಂಡ್ ಇಲ್ಲ” ಅಂದರೆ ಮಾತು ಮುಗಿಯಿತು, ಆ ಕಡೆ ಯಾರೂ ಹೋಗುವುದಿಲ್ಲ. ಹೀಗೆ ಅದು ಒಂದು ಮುದ್ರೆಯಾಗಿಬಿಟ್ಟಿದೆ: ನಮ್ಮ ಪಟ್ಟಿಯಲ್ಲಿರುವ ಹತ್ತು ಹನ್ನೆರಡು ನಂಬಿಕೆಗಳನ್ನು ಒಪ್ಪುವವರು ಒಳಗೆ, ಒಪ್ಪದವರು ಹೊರಗೆ. ಪಟ್ಟಿ ಬೇಡ ಅಂತ ನಾನು ಹೇಳುತ್ತಿಲ್ಲ. ವಿಶ್ವಾಸ ಪ್ರಮಾಣ ಇಲ್ಲದ ಸಭೆ ಇಲ್ಲ. ಆದರೆ ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳಲ್ಲಿ ಈ ಮಾತು ಬರುವ ಕಡೆ ಪಟ್ಟಿ ಕಾಣುವುದು ಕಡಿಮೆ. ಮನೆ, ಊಟ, ನಾಲಿಗೆ, ಹಣ, ಅಜ್ಜಿ, ಮೊಮ್ಮಕ್ಕಳು, ಇವು ಹೆಚ್ಚು ಕಾಣುತ್ತವೆ.

ಮೂಲ ಗ್ರೀಕಿನಲ್ಲಿ ಪದ ‘ಹ್ಯುಗಿಯಾಯ್ನೋ’. ಅರ್ಥ: ಆರೋಗ್ಯವಾಗಿರು. ಇಂಗ್ಲಿಷಿನ ‘ಹೈಜಿನ್’ ಇದೇ ಬೇರಿನದು. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 12 ಸಲ ಬರುತ್ತದೆ, ಅದರಲ್ಲಿ 8 ಸಲ ಈ ಮೂರು ಪುಟ್ಟ ಪತ್ರಗಳಲ್ಲಿ. ಉಳಿದ ಕಡೆ ಅದು ಮೈಯ ಆರೋಗ್ಯದ ಮಾತೇ. ಲೂಕ 5:31ರಲ್ಲಿ ವೈದ್ಯನ ಅಗತ್ಯವಿಲ್ಲದವರು, ಲೂಕ 7:10ರಲ್ಲಿ ಗುಣವಾದ ಆಳು, ಲೂಕ 15:27ರಲ್ಲಿ ದೂರ ಹೋಗಿದ್ದವನು ಸುಖವಾಗಿ ಮನೆಗೆ ಬಂದ ಮಗ. ಹಾಗಾದರೆ ಪೌಲನು ಬೋಧನೆಗೆ ಈ ಪದವನ್ನು ಜೋಡಿಸಿದಾಗ ಓದುಗರಿಗೆ ಮೊದಲು ಕಣ್ಣಿಗೆ ಬಂದದ್ದು ಪಾಠಶಾಲೆಗಿಂತ ದೇಹ ಅನ್ನಬಹುದು. (ಪತ್ರಗಳ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆ. ನಾನು ಪೌಲ ಅಂತಲೇ ಹೇಳುತ್ತಾ ಹೋಗುತ್ತೇನೆ, ಇವತ್ತಿನ ವಾದಕ್ಕೆ ಅದರಿಂದ ವ್ಯತ್ಯಾಸ ಬರುವುದಿಲ್ಲ.)

ಈಗ ನಮ್ಮ ನೆಲಕ್ಕೆ ಬರೋಣ. ಗಡಿನಾಡ ಕನ್ನಡ ವಿಶ್ವಾಸಿಯ ಮನೆಯಲ್ಲಿ ಸಾಮಾನ್ಯವಾಗಿ ಎರಡು ಬೈಬಲ್ ಇರುತ್ತವೆ. ಅಮ್ಮನದ್ದು ಕನ್ನಡ, ಮಗನದ್ದು ಆ ರಾಜ್ಯದ ಭಾಷೆಯದ್ದು. 2 ತಿಮೊಥೆಯ 4:3 ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದಲ್ಲಿ ‘ಸ್ವಸ್ಥಬೋಧನೆ’. ತಮಿಳಿನಲ್ಲಿ ‘ಆರೋಕ್ಕಿಯಮಾನ ಉಪದೇಶಂ’. ತೆಲುಗಿನಲ್ಲಿ ‘ಹಿತಬೋಧ’. ಮಲಯಾಳದಲ್ಲಿ ‘ಪಥ್ಯೋಪದೇಶಂ’. ಮರಾಠಿಯಲ್ಲಿ ‘ಸುಶಿಕ್ಷಣ’. ಐದೂ ಬಹುಕಾಲದಿಂದ ಸಭೆಗಳಲ್ಲಿ ಓದಿ ಸವೆದ ಅನುವಾದಗಳು, ಐದರಲ್ಲೂ ಸಂಸ್ಕೃತ ಮೂಲದ ಪದಗಳೇ. ಆದರೂ ಒಂದೊಂದು ಒಂದೊಂದು ಬಾಗಿಲು ತೆರೆಯುತ್ತದೆ. ಇದನ್ನು ತೊಡಕು ಅಂತ ನೋಡುವವರಿದ್ದಾರೆ. ನನಗೆ ಇದು ಗಡಿನಾಡಿಗೆ ಸಿಕ್ಕ ಆಸ್ತಿ ಅಂತ ಕಾಣುತ್ತದೆ. ಒಂದೇ ಭಾಷೆಯ ಊರಿನಲ್ಲಿ ಕುಳಿತವರಿಗೆ ಇಂಥ ಹೋಲಿಕೆ ಮಾಡಲು ಪುಸ್ತಕದ ಕಪಾಟು ಬೇಕು. ನಮಗೆ ಅದು ಅಡುಗೆಮನೆಯಲ್ಲೇ ಸಿಗುತ್ತದೆ.

ಆದರೆ ಆಸ್ತಿಯ ಜೊತೆ ವ್ಯಾಜ್ಯವೂ ಇರ್ತದಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯನ್ನು ತೆಗೆದುಕೊಳ್ಳಿ. ಕರ್ನಾಟಕದ ಪತ್ರಿಕೆ ಓದುವವನಿಗೆ ‘ಅಸ್ವಸ್ಥ’ ಅಂದರೆ ಆಸ್ಪತ್ರೆ ನೆನಪಾಗುತ್ತದೆ, ಆದ್ದರಿಂದ ‘ಸ್ವಸ್ಥ’ ಅಂದರೆ ಆರೋಗ್ಯ ಅಂತ ಹೊಳೆಯುತ್ತದೆ. ಮರಾಠಿ ಶಾಲೆಯಲ್ಲಿ ಓದಿದ ಕನ್ನಡಿಗನಿಗೆ ಹಾಗಲ್ಲ. ಮರಾಠಿಯಲ್ಲಿ ‘ಸ್ವಸ್ಥ ಬಸ್’ ಅಂದರೆ ಸುಮ್ಮನೆ ಕೂಡು ಅಂತ, ‘ಅಸ್ವಸ್ಥ’ ಅಂದರೆ ಮನಸ್ಸಿಗೆ ನೆಮ್ಮದಿ ಇಲ್ಲದವನು. ಇನ್ನು ‘ಸ್ವಸ್ತ’ ಅಂದರೆ ಸೋವಿ, ಕಡಿಮೆ ಬೆಲೆ. ಬಾಯಿಮಾತಿನಲ್ಲಿ ‘ಸ್ಥ’ಕ್ಕೂ ‘ಸ್ತ’ಕ್ಕೂ ಅಂತರ ಎಷ್ಟು? ಪ್ರಸಂಗಪೀಠದಿಂದ ‘ಸ್ವಸ್ಥಬೋಧನೆ ಬೇಕು’ ಅಂದರೆ ಹಿಂದಿನ ಸಾಲಿನಲ್ಲಿ ಕೂತ ಹುಡುಗನಿಗೆ ಅದು ಸುಮ್ಮನಿರಿಸುವ ಬೋಧನೆ ಅಂತಲೋ, ಅಗ್ಗದ ಬೋಧನೆ ಅಂತಲೋ ಕೇಳಿಸಿದರೆ ತಪ್ಪು ಅವನದಲ್ಲ. ಅವನು ತನ್ನ ಮರಾಠಿ ಬೈಬಲ್ ತೆರೆದರೆ ‘ಸುಶಿಕ್ಷಣ’ ಸಿಗುತ್ತದೆ. ಇದು ಸ್ಪಷ್ಟವಾದ ಪದ, ಒಳ್ಳೆಯ ಪದ. ಆದರೆ ಅದರಲ್ಲಿ ದೇಹ ಮಾಯವಾಗಿದೆ, ಶಾಲೆ ಬಂದಿದೆ. ‘ಸುಶಿಕ್ಷಿತ’ ಅಂದರೆ ಓದಿದವನು ಅಂತ ಮರಾಠಿಯಲ್ಲೂ ಕನ್ನಡದಲ್ಲೂ ರೂಢಿ. ಹಾಗಾಗಿ ಈ ಬೋಧನೆ ಸರ್ಟಿಫಿಕೇಟ್ ಇದ್ದವರ ಸೊತ್ತು, ನಾವು ಹೊಲದಾಗ ದುಡಿಯೋರು, ನಮಗ್ಯಾಕೆ ಅನ್ನುವ ಭಾವನೆ ಸುಲಭವಾಗಿ ಬರುತ್ತದೆ.

ರಾಯದುರ್ಗ, ಆದವಾನಿ, ಮಡಕಶಿರಾ ಕಡೆ ಕಥೆ ಬೇರೆ. ತೆಲುಗಿನ ‘ಹಿತಬೋಧ’ ಹಿರಿಯರು ಕೂರಿಸಿಕೊಂಡು ಹೇಳುವ ಬುದ್ಧಿಮಾತು, ಅದರಲ್ಲಿ ಒಳಿತಿನ ಅರ್ಥ ಗಟ್ಟಿ. ಕನ್ನಡದಲ್ಲಿ ಕೂಡ ಹಿತ ಅಂದರೆ ಒಳಿತು, ಹಿತವಚನ ಅನ್ನುತ್ತೇವೆ. ಆದರೆ ದಿನದ ಮಾತಿನಲ್ಲಿ ನಾವು ‘ಹಿತವಾಗಿದೆ’ ಅನ್ನುವುದು ಬೆಚ್ಚಗಿನ ನೀರಿಗೆ, ತಣ್ಣಗಿನ ಗಾಳಿಗೆ. ಕೇಳಲಿಕ್ಕೆ ಹಿತವಾಗಿರುವುದೇ ಹಿತಬೋಧ ಅಂತ ಆದರೆ ಪೌಲ ಅದೇ ವಚನದಲ್ಲಿ ಯಾವುದನ್ನು ಎಚ್ಚರಿಸುತ್ತಿದ್ದಾನೋ ಅದೇ ಒಳಗೆ ಬಂದು ಕೂತ ಹಾಗೆ!

ಆ ವಚನದ ಎರಡನೇ ಅರ್ಧವನ್ನೂ ನೋಡಿಬಿಡೋಣ. ಜನರ ಕಿವಿ ತುರಿಸುತ್ತದೆ, ಅದನ್ನು ಕೆರೆದು ಸುಖ ಕೊಡುವ ಬೋಧಕರನ್ನು ಅವರು ರಾಶಿ ಹಾಕಿಕೊಳ್ಳುತ್ತಾರೆ ಅನ್ನುವುದು ಅದರ ಚಿತ್ರ. ಕನ್ನಡ ಬೈಬಲ್ ಇಲ್ಲಿ ‘ತೀಟೆ’ ಎಂಬ ಒರಟು ಪದವನ್ನೇ ಇಟ್ಟಿದೆ. ತೆಲುಗಿನಲ್ಲಿ ‘ದುರದ’, ತಮಿಳಿನಲ್ಲಿ ‘ತಿನವು’, ಮರಾಠಿಯಲ್ಲಿ ‘ಖಾಜ್’, ಎಲ್ಲವೂ ಅದೇ ತುರಿಕೆ. ಉತ್ತರದ ಗಡಿಯ ಕನ್ನಡದಲ್ಲಿ ತುರಿಕೆಗೆ ‘ತಿಂಡಿ’ ಅಂತಾರೆ, “ನಿನಗ ತಿಂಡಿ ಬಂದೈತೇನ” ಅಂದರೆ ಸುಮ್ಮನೆ ಜಗಳಕ್ಕೆ ಬರ್ತೀಯಾ ಅಂತ. ಮೈಸೂರು ಕಡೆಯವರು ಇದನ್ನು ಕೇಳಿ ಇಡ್ಲಿ ನೆನೆಸಿಕೊಳ್ಳಬಾರದು. ಮಲಯಾಳ ಮಾತ್ರ ಇಲ್ಲಿ ತುರಿಕೆ ಬಿಟ್ಟು ‘ಕರ್ಣರಸ’ ಅಂದಿದೆ, ಕಿವಿಗೆ ರುಚಿ. ಚೆಂದದ ಪದ, ಆದರೆ ಚೆಂದವಾದ್ದರಿಂದಲೇ ಎಚ್ಚರಿಕೆಯ ಮೊನೆ ಸ್ವಲ್ಪ ಮೊಂಡಾಯಿತು.

ಇಲ್ಲಿ ಒಂದು ಆಕ್ಷೇಪ ಬರಬೇಕು, ಬರಲಿ. ಪದದ ಬೇರು ಹಿಡಿದು ದೇವತಾಶಾಸ್ತ್ರ ಕಟ್ಟಬಾರದು ಅಂತ ಜೇಮ್ಸ್ ಬಾರ್ 1961ರಲ್ಲಿ ಬೈಬಲ್ ಭಾಷೆಯ ಅರ್ಥವಿಚಾರದ ಕುರಿತ ಪುಸ್ತಕದಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ. ಆ ಕಾಲದ ಗ್ರೀಕಿನಲ್ಲಿ ‘ಆರೋಗ್ಯವಾದ ಮಾತು’ ಅಂದರೆ ಸರಿಯಾದ, ವಿವೇಕದ ಮಾತು ಅಂತ ರೂಢಿಯಾಗಿತ್ತು. ಫಿಲೋ, ಪ್ಲುಟಾರ್ಕ್, ಎಪಿಕ್ಟೆಟಸ್ ಬರಹಗಳಲ್ಲೂ ಹೀಗೆ ಬರುತ್ತದೆ. ನಾವು ‘ತಲೆ ಕೆಟ್ಟಿದೆ’ ಅನ್ನುವಾಗ ಯಾರೂ ಕೊಳೆತ ತಲೆಯನ್ನು ಕಲ್ಪಿಸಿಕೊಳ್ಳುವುದಿಲ್ಲವಲ್ಲ, ಹಾಗೆ. ಹಾಗಿದ್ದರೆ ಪೌಲನ ಪದದಲ್ಲೂ ರೂಪಕ ಸತ್ತಿರಬಹುದಲ್ಲವೇ?

ಸತ್ತಿಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಬೇರು ಅಲ್ಲ, ಅಕ್ಕಪಕ್ಕದ ವಚನಗಳು. 1 ತಿಮೊಥೆಯ 6:3ರಲ್ಲಿ ಆರೋಗ್ಯವಾದ ಮಾತು ಅಂದವನು ಮುಂದಿನ ವಚನದಲ್ಲೇ ವಾಗ್ವಾದದವರಿಗೆ ‘ರೋಗಿಯಾಗಿರು’ ಎಂಬರ್ಥದ ಕ್ರಿಯಾಪದ ಬಳಸುತ್ತಾನೆ. 2 ತಿಮೊಥೆಯ 2:17ರಲ್ಲಿ ಹುಮೆನಾಯ, ಫಿಲೇತ ಇವರ ಮಾತು ‘ಗಾಂಗ್ರೈನ’ದ ಹಾಗೆ ಹರಡುತ್ತದೆ ಅನ್ನುತ್ತಾನೆ. ಇವತ್ತು ಸಕ್ಕರೆ ಕಾಯಿಲೆಯವರ ಕಾಲಿಗೆ ಆಗುವ ಗ್ಯಾಂಗ್ರೀನ್ ಅದೇ ಪದ. ತೆಲುಗು ಬೈಬಲ್ ಇದಕ್ಕೆ ‘ಕೊರುಕುಪುಂಡು’ ಅನ್ನುತ್ತದೆ, ಕೊರೆದು ತಿನ್ನುವ ಹುಣ್ಣು. ಮಲಯಾಳದಲ್ಲಿ ‘ಅರ್ಬುದವ್ಯಾಧಿ’. ಆಮೇಲೆ ತುರಿಸುವ ಕಿವಿ. ಆರೋಗ್ಯ, ರೋಗ, ಹುಣ್ಣು, ತುರಿಕೆ ನಾಲ್ಕೂ ಒಂದೇ ಕೈಬರಹದಲ್ಲಿ ಬಂದರೆ ಆ ರೂಪಕಕ್ಕೆ ಇನ್ನೂ ಉಸಿರಿದೆ ಅಂತಲೇ ಅರ್ಥ.

ಅಬ್ರಹಾಂ ಮಾಲ್ಹರ್ಬಿ 1980ರಲ್ಲಿ ಈ ಪತ್ರಗಳ ವೈದ್ಯಕೀಯ ರೂಪಕಗಳ ಬಗ್ಗೆ ಬರೆದ ಲೇಖನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅವರ ವಾದದ ಒಂದು ಎಳೆ ಮಾತ್ರ ಹೇಳ್ತೀನಿ: ಈ ಭಾಷೆ ಎದುರಾಳಿಗಳ ರೋಗವನ್ನು ತೋರಿಸಲು ಬಂದದ್ದು, ಬೋಧನೆ ಔಷಧಿಯಂತೆ ಗುಣಪಡಿಸುತ್ತದೆ ಅಂತ ಪತ್ರಗಳು ಹೇಳುವುದಿಲ್ಲ. ಇದು ನಮ್ಮ ಪ್ರಸಂಗಗಳಿಗೆ ಒಂದು ಒಳ್ಳೆಯ ತಡೆ. “ಈ ಡಾಕ್ಟ್ರಿನ್ ತಗೊಳ್ಳಿ, ಎಲ್ಲಾ ಸರಿಹೋಗುತ್ತೆ” ಅಂತ ಗುಳಿಗೆ ಹಂಚುವ ಧಾಟಿ ಪೌಲನದಲ್ಲ.

ಔಷಧಿಯಲ್ಲದಿದ್ದರೆ ಮತ್ತೇನು? 1 ತಿಮೊಥೆಯ 4:6 ನೋಡಿ. ಅಲ್ಲಿ ತಿಮೊಥೆಯ ನಂಬಿಕೆಯ ಮಾತುಗಳಲ್ಲಿ, ಒಳ್ಳೆಯ ಬೋಧನೆಯಲ್ಲಿ ‘ಉಂಡು ಬೆಳೆಯುವವನು’. ಗ್ರೀಕ್ ಕ್ರಿಯಾಪದ ಮಗುವನ್ನು ಸಾಕಿ ಬೆಳೆಸುವುದಕ್ಕೆ ಸಂಬಂಧಪಟ್ಟದ್ದು. ಅಂದರೆ ದಿನದಿನದ ಊಟ. ಹೀಗೆ ಓದಿದಾಗ ಕಾಸರಗೋಡಿನ ಸ್ನೇಹಿತರ ಕೈಯಲ್ಲಿರುವ ಮಲಯಾಳ ಪದ, ‘ಪಥ್ಯೋಪದೇಶ’, ಐದರಲ್ಲಿ ನನಗೆ ಅತ್ಯಂತ ಹತ್ತಿರದ್ದು ಅನ್ನಿಸುತ್ತದೆ. ಪಥ್ಯ ಕನ್ನಡಕ್ಕೂ ಹೊಸದಲ್ಲ. ಬಾಣಂತಿಗೆ ಪಥ್ಯ, ಕಾಮಾಲೆಗೆ ಪಥ್ಯ. ಅದು ರುಚಿಯ ಪ್ರಶ್ನೆಯಲ್ಲ, ಈ ಮೈಗೆ ಈಗ ಏನು ಸಲ್ಲುತ್ತದೆ, ಏನು ಸಲ್ಲುವುದಿಲ್ಲ ಅನ್ನುವ ಪ್ರಶ್ನೆ. ತಮಾಷೆ ಏನೆಂದರೆ, “ಆ ಮಾತು ಅವನಿಗೆ ಪಥ್ಯವಾಗಲಿಲ್ಲ” ಅಂದಾಗ ನಾವು ರುಚಿಸಲಿಲ್ಲ ಅಂತಲೇ ಅರ್ಥ ಮಾಡುತ್ತೇವೆ. ಗಡಿ ದಾಟುವಾಗ ಪದಗಳು ಸ್ವಲ್ಪ ತೂಕ ಕಳೆದುಕೊಳ್ಳುತ್ತವೆ, ತೂಗಿ ನೋಡಬೇಕು.

ಪೌಲನ ಪಥ್ಯದಲ್ಲಿ ಏನಿದೆ ಅಂತ ಕೇಳಿದರೆ ಉತ್ತರ ತೀತ 2. ಮೊದಲ ವಚನದಲ್ಲಿ ಸ್ವಸ್ಥಬೋಧನೆಗೆ ಒಪ್ಪುವುದನ್ನು ಹೇಳು ಅಂತ ಆಜ್ಞೆ. ನಾವು ಕಾಯುತ್ತೇವೆ: ಈಗ ತ್ರಿಯೇಕತ್ವ ಬರುತ್ತದೆ, ನೀತಿನಿರ್ಣಯ ಬರುತ್ತದೆ. ಬರುವುದು ಮುದುಕರು, ಮುದುಕಿಯರು, ಎಳೆಯ ಹೆಂಡತಿಯರು, ಯುವಕರು, ದಾಸರು. ಹಿರಿಯರು ನಂಬಿಕೆಯಲ್ಲಿ, ಪ್ರೀತಿಯಲ್ಲಿ, ತಾಳ್ಮೆಯಲ್ಲಿ ಆರೋಗ್ಯವಾಗಿರಬೇಕು, ಅಲ್ಲೂ ಅದೇ ಕ್ರಿಯಾಪದ. ಆಮೇಲೆ 11ನೇ ವಚನದಿಂದ ಕೃಪೆಯ ಸಿದ್ಧಾಂತ ಬರುತ್ತದೆ, ಇವೆಲ್ಲಕ್ಕೂ ಕಾರಣವಾಗಿ. ಹಾಗೆಯೇ 1 ತಿಮೊಥೆಯ 1:10ರಲ್ಲಿ ಸ್ವಸ್ಥಬೋಧನೆಗೆ ವಿರುದ್ಧವಾದವರ ಸಾಲಿನಲ್ಲಿ ಮನುಷ್ಯರನ್ನು ಕದ್ದು ಮಾರುವವರು, ಸುಳ್ಳುಗಾರರು, ಸುಳ್ಳುಸಾಕ್ಷಿ ಹೇಳುವವರು ಇದ್ದಾರೆ. ವಿಶ್ವಾಸ ಪ್ರಮಾಣಕ್ಕೆ ಸಹಿ ಹಾಕಿ ಜೀತಕ್ಕೆ ಆಳು ಇಟ್ಟುಕೊಂಡವನು ಈ ಅಳತೆಯಲ್ಲಿ ಸೌಂಡ್ ಅಲ್ಲ. ಪೌಲನು ಸಿದ್ಧಾಂತದ ತಪ್ಪನ್ನು ಹಗುರವಾಗಿ ಬಿಡುತ್ತಾನೆ ಅಂತಲೂ ಅಲ್ಲ. ಪುನರುತ್ಥಾನ ಆಗಿಹೋಯಿತು ಅನ್ನುವುದು, ಮದುವೆ ಬೇಡ, ಇಂಥ ಆಹಾರ ಬೇಡ ಅನ್ನುವುದು, ಭಕ್ತಿಯನ್ನು ಲಾಭದ ದಾರಿ ಮಾಡುವುದು, ಇವೆಲ್ಲವನ್ನೂ ಹೆಸರಿಟ್ಟು ಖಂಡಿಸುತ್ತಾನೆ.

ಕೊನೆಯದು ನಮ್ಮ ಗಡಿಗಳಲ್ಲಿ ನಿಜವಾದ ಸಮಸ್ಯೆ. ಹಳ್ಳಿಯ ಸಭೆಗೆ ಕನ್ನಡದಲ್ಲಿ ಬೋಧಿಸುವ ಸಭಾಪಾಲಕರು ತಿಂಗಳಿಗೆ ಒಂದು ಸಲ ಬರುತ್ತಾರೆ. ಮೊಬೈಲಿನಲ್ಲಿ ಮಾತ್ರ ತಮಿಳಿನದೋ ತೆಲುಗಿನದೋ ಪ್ರಸಂಗ ರಾತ್ರಿ ಹಗಲು ಬರುತ್ತಿರುತ್ತದೆ, ಕಾಣಿಕೆ ಕಳಿಸಿದರೆ ಸಾಲ ತೀರುತ್ತದೆ ಅನ್ನುವ ವಾಗ್ದಾನದ ಸಮೇತ. ಕೇಳುವವರಿಗೆ ಆ ಭಾಷೆ ಅರ್ಥವಾಗುತ್ತದೆ, ಆದರೆ ಅದರಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವಷ್ಟು ಬರುವುದಿಲ್ಲ. ಕೇಳಿಸಿಕೊಳ್ಳುವ ಭಾಷೆ ಒಂದು, ಪ್ರಶ್ನಿಸುವ ಭಾಷೆ ಇನ್ನೊಂದು ಆದಾಗ ಬೆರೋಯದವರು ಮಾಡಿದ ಕೆಲಸ, ಅಪೊಸ್ತಲರ ಕೃತ್ಯಗಳು 17:11ರ ಪರಿಶೀಲನೆ, ನಿಂತುಹೋಗುತ್ತದೆ. ನನ್ನ ಮಟ್ಟಿಗೆ ಗಡಿನಾಡಲ್ಲಿ ಸ್ವಸ್ಥಬೋಧನೆಗೆ ಇರುವ ದೊಡ್ಡ ಅಪಾಯ ಇದು.

ಹಾಗಾದರೆ ಎಲ್ಲವನ್ನೂ ಕನ್ನಡದಲ್ಲೇ ಮಾಡಬೇಕು ಅನ್ನುತ್ತೀರಾ ಅಂತ ಚಾಟ್‌ನಲ್ಲಿ ಒಬ್ಬರು ಆಗಲೇ ಕೇಳಿದ್ದಾರೆ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ, ಕೇರಳದಲ್ಲಿ 2017ರ ಮಲಯಾಳ ಕಲಿಕೆ ಕಾಯ್ದೆ ಬಂದಮೇಲೆ ತಾಳವಾಡಿಯ, ಕಾಸರಗೋಡಿನ ಮಕ್ಕಳ ಓದಿನಲ್ಲಿ ಕನ್ನಡದ ಜಾಗ ಕಿರಿದಾಗಿದೆ. ನೆಹೆಮೀಯ 13:24ರಲ್ಲಿ ಮಕ್ಕಳಲ್ಲಿ ಅರ್ಧ ಜನ ಅಷ್ಡೋದಿನ ಭಾಷೆ ಆಡುತ್ತಿದ್ದರು, ಯೆಹೂದ್ಯರ ಭಾಷೆ ಬರುತ್ತಿರಲಿಲ್ಲ. ಅದನ್ನು ಕಂಡ ನೆಹೆಮೀಯ ತಂದೆಗಳನ್ನು ಹೊಡೆದು ಕೂದಲು ಕಿತ್ತ. ಭಾಷಾಭಿಮಾನಿಗಳಿಗೆ ಆ ವಚನ ಇಷ್ಟವಾಗಬಹುದು. ನನಗೆ ಅದೇ ಪುಸ್ತಕದ 8:8 ಹೆಚ್ಚು ಇಷ್ಟ: ಗ್ರಂಥ ಓದಿದರು, ಜನರಿಗೆ ತಿಳಿಯುವಂತೆ ಅರ್ಥ ಹೇಳಿದರು.

ನೀಲಗಿರಿಯ ಇತಿಹಾಸ ಇಲ್ಲಿ ಕಣ್ಣಮುಂದೆ ಇರಲಿ. ಊಟಿ ಬಳಿಯ ಕೇತಿಯಲ್ಲಿ ಬಾಸೆಲ್ ಮಿಶನ್ 1840ರ ದಶಕದಲ್ಲಿ ನೆಲೆಯೂರಿತು. ಅಲ್ಲಿದ್ದ ಗಾಟ್‌ಫ್ರೀಡ್ ವೈಗ್ಲೆ ಬಡಗರ ನುಡಿಯನ್ನೂ ಕಲಿತರು, ಕನ್ನಡ ಬೈಬಲಿನ ಪರಿಷ್ಕರಣೆಗೂ ದುಡಿದರು. ಮೊದಲ ಬಡಗ ದೀಕ್ಷಾಸ್ನಾನ ಆದದ್ದು 1858ರಲ್ಲಿ. ಇವತ್ತು ಅಲ್ಲಿನ ಆರಾಧನೆ ಬಹುಮಟ್ಟಿಗೆ ತಮಿಳಿನಲ್ಲಿ ನಡೆಯುತ್ತದೆ, ಮನೆಯಲ್ಲಿ ಬಡಗ ಉಳಿದಿದೆ. ಇದರ ಇನ್ನೊಂದು ಮುಖವಾಗಿ ಪಂಡಿತಾ ರಮಾಬಾಯಿಯನ್ನು ನೆನೆಯಬಹುದು. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಸಂಸ್ಕೃತದಲ್ಲಿ ಅಷ್ಟು ಪಾಂಡಿತ್ಯ ಇದ್ದ ಆಕೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುವಾಗ ಬೇಕೆಂದೇ ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಯನ್ನು ಹಿಡಿದರು. ಆ ಅನುವಾದ ಅವರು ತೀರಿಕೊಂಡ ಮೇಲೆ, 1924ರಲ್ಲಿ ಹೊರಬಂತು.

ಆದ್ದರಿಂದ ನನ್ನ ಉತ್ತರ: ಮಗು ತಮಿಳೋ ಮರಾಠಿಯೋ ಓದಲಿ, ಅಜ್ಜಿ ಕನ್ನಡದಲ್ಲಿ ಓದಲಿ ಅಥವಾ ಓದಿಸಿ ಕೇಳಲಿ, ಮಾತುಕತೆ ಮನೆಮಾತಿನಲ್ಲೇ ನಡೆಯಲಿ. ಕನ್ನಡ ಲಿಪಿ ಬಾರದ ಹುಡುಗರನ್ನು ಕನ್ನಡ ಬೈಬಲ್ ಇಲ್ಲ ಅಂತ ಗುಂಪಿನಿಂದ ಹೊರಗಿಡುವುದು ಎಷ್ಟು ತಪ್ಪೋ, ಅಜ್ಜಿಗೆ ಅರ್ಥವಾಗದ ಭಾಷೆಯಲ್ಲಿ ಪೂರ್ತಿ ಅಧ್ಯಯನ ನಡೆಸುವುದೂ ಅಷ್ಟೇ ತಪ್ಪು. ತೀತ 2:3ರಿಂದ 5ರವರೆಗೆ ಎಳೆಯ ಹೆಂಗಸರಿಗೆ ಬುದ್ಧಿ ಹೇಳುವ ಕೆಲಸ ತೀತನಿಗೆ ಕೊಟ್ಟಿಲ್ಲ, ಮುದುಕಿಯರಿಗೆ ಕೊಟ್ಟಿದೆ. ಅವರು ಒಳ್ಳೆಯದನ್ನು ಕಲಿಸುವ ಬೋಧಕಿಯರು. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಮಾತು ಕಡಿದರೆ ಸ್ವಸ್ಥಬೋಧನೆಯ ಒಂದು ಕಾಲುವೆಯೇ ಬತ್ತುತ್ತದೆ, ಸಭಾಪಾಲಕರು ಎಷ್ಟೇ ಸೌಂಡ್ ಆಗಿದ್ದರೂ.

ತಿಮೊಥೆಯನೇ ಇಂಥ ಮನೆಯವನು. ತಂದೆ ಗ್ರೀಕ, ತಾಯಿ ಯೆಹೂದ್ಯಳು. ಅವನಿದ್ದ ಲುಸ್ತ್ರದ ಬೀದಿಯಲ್ಲಿ ಜನ ಆಡುತ್ತಿದ್ದದ್ದು ಲುಕವೋನ್ಯ ಭಾಷೆ, ಅಪೊಸ್ತಲರ ಕೃತ್ಯಗಳು 14:11ರಲ್ಲಿ ದಾಖಲಾಗಿದೆ. ಅವನ ನಂಬಿಕೆಯ ಮೂಲ ಹೇಳುವಾಗ ಪೌಲ ಹೆಸರಿಸುವುದು ಅಜ್ಜಿ ಲೋವಿ, ತಾಯಿ ಯೂನೀಕೆ.

ಗುಂಪಿನಲ್ಲಿ ಮಾಡಿನೋಡಲು ಒಂದು ಕ್ರಮ ಹೇಳಿ ಮುಗಿಸ್ತೀನಿ, ಸಮಯ ಆಗ್ತಾ ಇದೆ. ಒಂದು ಸಲಕ್ಕೆ ಹತ್ತು ವಚನ ಸಾಕು, ತೀತ 2:1ರಿಂದ 10. ಇರುವ ಎಲ್ಲ ಭಾಷೆಗಳಲ್ಲೂ ಗಟ್ಟಿಯಾಗಿ ಓದಿಸಿ. ಪದ ಬೇರೆಯಾದ ಕಡೆ ನಿಲ್ಲಿಸಿ, ಆ ಪದವನ್ನು ಮನೆಯಲ್ಲಿ ಯಾವಾಗ ಆಡುತ್ತೀರಿ ಅಂತ ಕೇಳಿ. ‘ಪಥ್ಯ’ ಅಂದಾಗ ಬಾಣಂತನದ ಕಥೆ ಬರುತ್ತದೆ, ಬರಲಿ. ಆಮೇಲೆ ಆ ಅರ್ಥ ಈ ಅಧ್ಯಾಯಕ್ಕೆ ಕೂರುತ್ತದೆಯೇ ಅಂತ ಹಿಂದಿನ ಮುಂದಿನ ವಚನ ನೋಡಿ, ಕೂರದಿದ್ದರೆ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿದ್ದರೂ. ನಿಘಂಟು, ವ್ಯಾಖ್ಯಾನ ಇವೆಲ್ಲ ಇದಾದಮೇಲೆ. ಮೊದಲು ಮಾತಾಡಬೇಕಾದವರು ಗುಂಪಿನಲ್ಲಿ ಅತಿ ಹಿರಿಯ ಹೆಂಗಸು, ಕೊನೆಗೆ ಮಾತಾಡಬೇಕಾದವರು ನಮ್ಮಂಥ ಸೆಮಿನರಿಯವರು.